ಬೈರಿಗೆ ಮತ್ತು ಮಲಗಿದ ಕಪ್ಪೆ

ರಸ್ತೆ ಅಗೆಯದೆ ನೀರಿನ ಪೈಪು ಎಳೆಯಬೇಕೆಂದು ಒಂದು ಬೈರಿಗೆ ಬೀದಿಯ ಈ ಬದಿಯಲ್ಲಿ ನೆಲದೊಳಗೆ ಇಳಿದು, ಆ ಬದಿಯ ಕಡೆಗೆ ಮಣ್ಣು ಕೊರೆಯುತ್ತ ಹೊರಟಿತು. ಮೇಲೆ ಜನ ಎಂದಿನಂತೆ ಓಡಾಡುತ್ತಿದ್ದರು. ನಡುದಾರಿಯಲ್ಲಿ, ಮಣ್ಣಿನ ತಂಪಿನೊಳಗೆ ಮಳೆಗಾಲದ ಕನಸು ಕಾಣುತ್ತ ಒಂದು ಕಪ್ಪೆ ಮಲಗಿತ್ತು.

"ಏಳಮ್ಮ, ದಾರಿ ಬಿಡು," ಎಂದಿತು ಬೈರಿಗೆ.

ಕಪ್ಪೆ ಕಣ್ಣು ತೆರೆಯದೆಯೇ ಹೇಳಿತು: "ಮೊದಲ ಮಳೆ ಬೀಳುವ ತನಕ ನನ್ನ ಕಾಲಿಗೆ ಬಲವಿಲ್ಲಪ್ಪ. ನೀನೇ ಸ್ವಲ್ಪ ಪಕ್ಕದಿಂದ ಹೋಗು."

"ಪಕ್ಕಕ್ಕೆ ಹೋಗಬೇಕಾದರೆ ನಾನು ತಿರುಗುವುದನ್ನು ನಿಲ್ಲಿಸಬೇಕು. ಸುಮ್ಮನೆ ನಿಂತು, ಓರೆಯಾಗಿರುವ ನನ್ನ ಮೂತಿಯನ್ನು ಮಣ್ಣಿಗೆ ಒತ್ತಬೇಕು, ಆಗಲೇ ಪಕ್ಕಕ್ಕೆ ಜಾರುವುದು. ನಿಂತರೆ ಮೇಲಿನವರು ಕೆಟ್ಟುಹೋಯಿತು ಅಂತಾರೆ."

"ಒಂದು ಗಳಿಗೆ ಅನ್ನಲಿ ಬಿಡು. ನೀನು ನಿಲ್ಲದಿದ್ದರೆ ನಾನು ಮಳೆಯನ್ನೇ ನೋಡುವುದಿಲ್ಲ."

ಬೈರಿಗೆ ನಿಂತಿತು. ತನ್ನದೇ ಸದ್ದು ಅಡಗಿದ ಮೇಲೆ ಅದಕ್ಕೆ ಮೊದಲ ಸಲ ನೆಲ ಕೇಳಿಸಿತು: ಬೇರು ನೀರು ಹೀರುವುದು, ಎರೆಹುಳು ಮಗ್ಗುಲು ಬದಲಿಸುವುದು, ಕಪ್ಪೆಯ ಎದೆ ನಿಧಾನವಾಗಿ ಬಡಿಯುವುದು. ಆ ಬಡಿತ ಕೇಳಿಸಿದ ಜಾಗವನ್ನು ಬಿಟ್ಟು ಅದು ಮೆಲ್ಲಗೆ ಪಕ್ಕಕ್ಕೆ ಜಾರಿತು.

ಮೇಲೆ, ಕೈಯಲ್ಲಿದ್ದ ಉಪಕರಣದಿಂದ ಅದರ ಜಾಡು ಹಿಡಿದು ನಡೆಯುತ್ತಿದ್ದ ಮಾದೇಶ ಕೂಗಿದ: "ಲೋ ಚೌಡ, ಇದೇನೋ ಸೊಟ್ಟ ಹೊರಟಿತು!"

"ಕಲ್ಲು ಸಿಕ್ಕಿರಬೇಕು, ಬಿಡಣ್ಣ," ಎಂದ ಯಂತ್ರ ನಡೆಸುತ್ತಿದ್ದ ಚೌಡ.

ಬೈರಿಗೆಗೆ ಸಂಕೋಚವಾಯಿತು. "ನಿನ್ನನ್ನು ಕಲ್ಲು ಅಂದುಬಿಟ್ಟರು," ಎಂದಿತು.

"ಅನ್ನಲಿ," ಎಂದಿತು ಕಪ್ಪೆ, ನಿದ್ದೆಗೆ ಮರಳುತ್ತ. "ಕಪ್ಪೆ ಎಂದು ಗೊತ್ತಾಗಿದ್ದರೆ ನೇರವಾಗಿಯೇ ಹೋಗು ಅನ್ನುತ್ತಿದ್ದರು."