ಹೆಣದ ಮುಂದೆ ಹಾಡಿದ ದೇನಕೆ

ಪಡುವಣ ದಿಕ್ಕಿಗೆ ಹೊರಟು, ಸಿಂಧೂ ನದಿ ದಾಟಿ, ಮರಳುಗಾಡು ದಾಟಿ, ಏಳು ಬೆಟ್ಟ ಹತ್ತಿ ಇಳಿದರೆ ಪಹ್ಲವರ ದೇಶ ಅಂತ ಒಂದಿತ್ತಂತೆ. ಪಾರ್ಥಿಯಾ ಅಂತಲೂ ಅದನ್ನ ಕರೀತಾರೆ. ಅಲ್ಲಿನ ಜನ ಕುದುರೆ ಮೇಲೇ ಬೆಳೆದು ಕುದುರೆ ಮೇಲೇ ಮುದುಕರಾಗೋರಂತೆ. ಓಡೋ ಕುದುರೆ ಮೇಲಿಂದ ಹಿಂದಕ್ಕೆ ತಿರುಗಿ ಬಾಣ ಬಿಟ್ಟರೂ ಗುರಿ ತಪ್ಪುತ್ತಿರಲಿಲ್ಲವಂತೆ. ಆದರೆ ತಾತ ಯಾರು, ಮುತ್ತಾತ ಏನು ಮಾಡಿದ, ಯಾವ ಯುದ್ಧದಲ್ಲಿ ಯಾರು ಗೆದ್ದರು, ಇದೆಲ್ಲ ಎಲ್ಲೂ ಬರೆದಿಟ್ಟಿದ್ದಲ್ಲ. ಹಾಡುಗಾರರ ಬಾಯಲ್ಲಿತ್ತು. ಆ ಹಾಡುಗಾರರಿಗೆ ಗೋಸಾನರು ಅಂತ ಹೆಸರು. ಮದುವೆಗೆ ಗೋಸಾನರು ಬೇಕು, ದಂಡು ಹೊರಡೋಕೆ ಗೋಸಾನರು ಬೇಕು, ಸತ್ತರೂ ಗೋಸಾನರೇ ಬೇಕು.

ಸತ್ತವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ದೊಡ್ಡ ಮನುಷ್ಯ ಯಾರಾದರೂ ಸತ್ತರೆ, ಹೆಣ ಹೆಬ್ಬಾಗಿಲು ದಾಟೋ ಮೊದಲು ಗೋಸಾನರು ಬಂದು ಅವನ ಬಾಳನ್ನ ಹಾಡಬೇಕು. ಒಳ್ಳೆಯದೂ ಹಾಡಬೇಕು, ಕೆಟ್ಟದ್ದೂ ಹಾಡಬೇಕು. ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಆವತ್ತು ಏನು ಹಾಡಿದರೋ ಅದೇ ಉಳೀತಿತ್ತು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅದನ್ನೇ ಕೇಳಬೇಕು.

ಆ ದೇಶದಲ್ಲಿ ದೇನಕೆ ಅಂತ ಒಬ್ಬಳು ಗೋಸಾನಗಿತ್ತಿ ಇದ್ದಳಂತೆ. ಬಿಲ್ಲಿನ ಹಾಗೆ ಬಾಗಿದ ಒಂದು ವೀಣೆ, ಬೆಟ್ಟದ ಆ ಕಡೆಗೂ ಕೇಳೋ ಗಂಟಲು, ಅಷ್ಟೇ ಅವಳ ಆಸ್ತಿ. ಅವಳ ಗಂಡ ತೀರಕ, ದಂಡಿನ ನಗಾರಿಯವನು. ಅವನ ನಗಾರಿಗೆ ಸುತ್ತ ಕಂಚಿನ ಗಂಟೆ ಕಟ್ಟಿತ್ತು. ಅವನು ಕೋಲೆತ್ತಿ ಬಡಿದರೆ ಶತ್ರುವಿನ ಎದೆ ಝಲ್ಲೆನ್ನುತ್ತಿತ್ತಂತೆ. ಮುಂದಕ್ಕೆ ನುಗ್ಗೋಕೆ ಒಂದು ಬಡಿತ, ಹಿಂದಕ್ಕೆ ತಿರುಗೋಕೆ ಒಂದು ಬಡಿತ. ಸವಾರರು ಮರೆತರೂ ಕುದುರೆಗಳು ಆ ಬಡಿತ ಮರೀತಿರಲಿಲ್ಲ.

ಆ ಸೀಮೆಯ ಧಣಿ ವರಾಜ. ವರಾಜ ಅಂದರೆ ಅವರ ಮಾತಲ್ಲಿ ಕಾಡುಹಂದಿ. ಹೆಸರಿಗೆ ತಕ್ಕ ಹಾಗೆ ಹಟಮಾರಿ. ಒಂದು ಯುದ್ಧದಲ್ಲಿ ಧಣಿ ಅಪ್ಪಣೆ ಕೊಡದೆ ತೀರಕ ಹಿಂದಕ್ಕೆ ತಿರುಗೋ ನಗಾರಿ ಬಡಿದುಬಿಟ್ಟ. ದಂಡು ತಿರುಗಿ ಬಂತು. ವರಾಜನಿಗೆ ಸಿಟ್ಟು ನೆತ್ತಿಗೇರಿತು. ನೆಲದಲ್ಲಿ ತೋಡಿ ಕಾಳು ತುಂಬೋ ಹಗೇವು ಅಂತ ಇರುತ್ತಲ್ಲ, ಕೋಟೆಯಲ್ಲಿ ಅಂಥದ್ದೊಂದು ಖಾಲಿ ಇತ್ತು. ತೀರಕನನ್ನ ಅದರೊಳಕ್ಕೆ ಇಳಿಸಿ, ರೊಟ್ಟಿ ಹಾಕೋಕೆ ಒಂದು ಕಂಡಿ ಬಿಟ್ಟು, ಮೇಲೆ ಕಲ್ಲು ಎಳೆಸಿದ.

ದೇನಕೆ ಕೋಟೆಗೆ ಹೋದಳು, ಕೇಳಿದಳು, ಬರಿಗೈಲಿ ಬಂದಳು. ಮತ್ತೆ ಹೋದಳು, ಮತ್ತೆ ಕೇಳಿದಳು, ಮತ್ತೆ ಬರಿಗೈಲಿ ಬಂದಳು. "ಅವನ ಹೆಸರು ಎತ್ತಿದರೆ ನಿನ್ನನ್ನೂ ಅಲ್ಲೇ ಇಳಿಸ್ತೀನಿ" ಅಂದನಂತೆ ವರಾಜ.

ಹೀಗಿರುವಾಗ ಒಂದು ಬೆಳಗ್ಗೆ ದೇನಕೆ ಹಿಟ್ಟು ನಾದುತ್ತಾ ಕೂತಿದ್ದಾಗ ಕೋಟೆಯ ಸವಾರ ಬಂದ. "ಧಣಿಗಳು ಹೋಗಿಬಿಟ್ಟರು ಕಣಮ್ಮ. ಹಾಡೋಕೆ ನೀನೇ ಬರಬೇಕಂತೆ" ಅಂದ.

ದೇನಕೆಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಕೈ ತೊಳೆದುಕೊಂಡಳು, ವೀಣೆ ತಗೊಂಡಳು, ಹೊರಟಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು: 'ಇದ್ದದ್ದನ್ನ ಇದ್ದ ಹಾಗೆ ಹಾಡ್ತೀನಿ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.'

ಕೋಟೆಯ ಅಂಗಳದ ತುಂಬ ಜನ. ನಡುವೆ ಜಗಲಿ ಮೇಲೆ ಹೆಣ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ. ಪಕ್ಕದಲ್ಲಿ ಧಣಿಯ ಹೆಂಡತಿ ರೋದಕೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದಳು.

ದೇನಕೆ ಕಾಲ ಬುಡದಲ್ಲಿ ಕೂತು ತಂತಿ ಮೀಟಿದಳು. ವರಾಜನ ಎಳೆತನ ಹಾಡಿದಳು, ಮೊದಲನೇ ಬೇಟೆ ಹಾಡಿದಳು, ಬರಗಾಲದಲ್ಲಿ ತನ್ನ ಕಣಜ ತೆಗೆದು ಊರಿಗೆಲ್ಲ ಗೋಧಿ ಹಂಚಿದ್ದನ್ನೂ ಹಾಡಿದಳು. ಸುಳ್ಳಲ್ಲ, ಅದೂ ನಡೆದಿತ್ತು. ಹಾಡು ಕುದುರೆಯ ಓಟಕ್ಕೆ ಬಂತು. ಟಕಟಕ, ಟಕಟಕ. ಆಗ ನೋಡುತ್ತಾಳೆ, ಬಿಳಿ ಬಟ್ಟೆಯ ಕೆಳಗೆ ಹೆಣದ ಕಾಲಿನ ಹೆಬ್ಬೆರಳು ತಾಳ ಹಾಕ್ತಾ ಇದೆ!

 ದೇನಕೆ ತಂತಿ ಬಿಡಲಿಲ್ಲ. ಓಟ ನಿಧಾನ ಮಾಡಿದಳು. ಹೆಬ್ಬೆರಳೂ ನಿಧಾನವಾಯಿತು. ಜೋರು ಮಾಡಿದಳು. ಹೆಬ್ಬೆರಳೂ ಜೋರಾಯಿತು. ಔತಣದಲ್ಲಿ ಎಷ್ಟು ಸಲ ನೋಡಿರಲಿಲ್ಲ ಅವಳು! ಹಾಡು ಕೇಳಿದರೆ ವರಾಜನಿಗೆ ಕಾಲು ಸುಮ್ಮನಿರುತ್ತಿರಲಿಲ್ಲ.

ಅವಳಿಗೆ ಎಲ್ಲಾ ತಿಳೀತು. ಬದುಕಿರೋನ ಬಾಳನ್ನ ಯಾವ ಗೋಸಾನನೂ ಹಾಡೋದಿಲ್ಲ. ತಾನು ಸತ್ತ ಮೇಲೆ ಜನ ಏನು ಕೇಳ್ತಾರೆ ಅನ್ನೋ ಕೊರಗು ಹತ್ತಿ, ಧಣಿ ಉಸಿರು ಬಿಗಿ ಹಿಡಿದು ಸತ್ತವನ ಹಾಗೆ ಮಲಗಿದಾನೆ. ಮುಂದೆ ಹಾಡಬೇಕಾದ್ದು ಆ ಯುದ್ಧ. ಇದ್ದದ್ದು ಹಾಡಿದರೆ ಎದ್ದು ನಾಲಿಗೆ ಕೀಳಿಸ್ತಾನೆ. ಹೊಗಳಿ ಹಾಡಿದರೆ ಬಹುಮಾನ ಕೊಡ್ತಾನೆ, ಆದರೆ ಗಂಡ ದ್ರೋಹಿ ಅಂತಲೋ ಹೇಡಿ ಅಂತಲೋ ಹಗೇವಲ್ಲೇ ಉಳೀತಾನೆ.

ದೇನಕೆ ದನಿ ಇಳಿಸಲಿಲ್ಲ, ಇನ್ನಷ್ಟು ಏರಿಸಿದಳು.

"ವರಾಜ ಹೊರಟ, ಗಾಳಿಗಿಂತ ಮುಂದೆ ಹೊರಟ. ಎದುರಿಗೆ ಕಂಡದ್ದು ಹಿಡಿ ಜನ, ಗುಡ್ಡದ ಹಿಂದೆ ಕೂತದ್ದು ಕಡಲಷ್ಟು ಜನ. ಧಣಿಯ ಕಣ್ಣು ಗೆಲುವಿನ ಮೇಲೆ, ನಗಾರಿಯವನ ಕಣ್ಣು ಗುಡ್ಡದ ಧೂಳಿನ ಮೇಲೆ. ಕೋಲೆತ್ತಿದ ತೀರಕ, ಬಡಿದೇ ಬಡಿದ. ಕುದುರೆ ತಿರುಗಿದವು, ಸವಾರರು ತಿರುಗಿದರು, ತಾಯಂದಿರ ಮಕ್ಕಳು ಮನೆಗೆ ಬಂದರು. ಎಲ್ಲರೂ ಮನೆಗೆ ಬಂದರು, ತೀರಕ ಹಗೇವಿಗೆ ಹೋದ."

 ಗಡ್ಡ ನೆರೆತ ಒಬ್ಬ ಸವಾರ ಬಿಕ್ಕಿ ಅತ್ತ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಅತ್ತರು.

ದೇನಕೆ ವೀಣೆ ಕೆಳಗಿಟ್ಟಳು. "ಧಣಿಯ ಹಾಡು ಇಲ್ಲಿಗೆ ಮುಗೀತು. ಕಲ್ಲು ಎಳೆಸಿದವನು ಬದುಕಿದ್ದಿದ್ದರೆ ಕಲ್ಲು ತೆಗೆಸಿದ ಅಂತ ಇನ್ನೊಂದು ಸಾಲು ಬರುತ್ತಿತ್ತೋ ಏನೋ. ಸತ್ತವರು ಏನು ಮಾಡೋಕಾಗುತ್ತೆ? ಇದೇ ಕೊನೆ. ಇನ್ನು ನೂರು ವರ್ಷ ಹೀಗೇ ಹಾಡ್ತೀವಿ."

ಬಿಳಿ ಬಟ್ಟೆ ಭರ್ರನೆ ಹಾರಿತು. ಹೆಣ ಎದ್ದು ಕೂತಿತು. ಹೆಂಗಸರು ಕಿಟಾರನೆ ಕಿರುಚಿದರು, ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಅಂಗಳದ ಗೋಡೆವರೆಗೂ ಹಿಂದೆ ಸರಿದರು. ಕೂತ ಜಾಗ ಬಿಟ್ಟು ಕದಲದೆ ಇದ್ದವರು ದೇನಕೆ, ರೋದಕೆ ಇಬ್ಬರೇ.

"ಎಲೇ, ನಾನು ಬದುಕಿದೀನಿ ಅಂತ ನಿನಗೆ ಗೊತ್ತಿತ್ತಾ?" ಅಂತ ವರಾಜ ಗುಡುಗಿದ.

"ಗೊತ್ತಿತ್ತು ಧಣಿ."

"ಗೊತ್ತಿದ್ದೂ ಹಾಡಿದೆಯಾ?"

"ನೀವು ನಿಜವಾಗಿ ಸತ್ತಿದ್ದರೂ ಇದನ್ನೇ ಹಾಡುತ್ತಿದ್ದೆ. ಬದುಕಿದೀರಿ ಅಂತ ಬೇರೆ ಹಾಡು ಎಲ್ಲಿಂದ ತರಲಿ?"

"ನಿನ್ನ ನಾಲಿಗೆ ಕೀಳಿಸ್ತೀನಿ!"

"ಕೀಳಿಸಿ ಧಣಿ. ಅಂಗಳದ ತುಂಬ ಜನ ಕೇಳಿಯಾಯಿತು. ಅಷ್ಟೂ ನಾಲಿಗೆ ಕೀಳಿಸೋಕೆ ನಿಮಗೆ ತುಂಬಾ ಹೊತ್ತು ಹಿಡಿಯುತ್ತೆ."

ಆಗ ರೋದಕೆ ಮುಖದ ಮೇಲಿನ ಸೆರಗು ತೆಗೆದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. "ಕೇಳಬೇಕು, ಕೇಳಬೇಕು ಅಂತ ಒದ್ದಾಡಿ ಮಲಗಿದಿರಿ. ಈಗ ಕೇಳಿದಿರಲ್ಲ? ನಿಮ್ಮ ಮೊಮ್ಮಕ್ಕಳೂ ಇದನ್ನೇ ಕೇಳಲಿ ಅಂತೀರಾ?" ಅಂದಳು.

ವರಾಜ ಹೆಂಡತಿಯ ಮುಖ ನೋಡಿದ. ಅಳುತ್ತಿದ್ದ ಸವಾರರ ಮುಖ ನೋಡಿದ. ಅವರ ಹೆಗಲ ಮೇಲಿದ್ದ ಮಕ್ಕಳ ಮುಖ ನೋಡಿದ.  ಆಳಿನ ಕಡೆ ತಿರುಗಿ, "ಹೋಗೋ, ಆ ಕಲ್ಲು ತೆಗಿ" ಅಂದ.

"ಆಳು ತೆಗೆದರೆ ಹಾಡಿನಲ್ಲಿ ಆಳಿನ ಹೆಸರು ಬರುತ್ತೆ ಧಣಿ" ಅಂದಳು ದೇನಕೆ.

ವರಾಜ ಹಲ್ಲು ಕಡಿದ. ಆಮೇಲೆ ಜಗಲಿ ಇಳಿದ. ಹೆಗಲ ಮೇಲೆ ಹೆಣದ ಬಟ್ಟೆ, ಬರಿಗಾಲು, ಹಾಗೇ ಹೋಗಿ ತಾನೇ ಕಲ್ಲು ನೂಕಿ, ತಾನೇ ಹಗ್ಗ ಇಳಿಸಿ, ತಾನೇ ಎಳೆದ. ತೀರಕ ಮೇಲೆ ಬಂದ. ಬಿಸಿಲಿಗೆ ಕಣ್ಣು ಕುಕ್ಕಿ, ಕೈ ಅಡ್ಡ ಹಿಡಿದು ನೋಡಿದರೆ ಎದುರಿಗೆ ಹೆಣದ ಬಟ್ಟೆ ಹೊದ್ದ ಧಣಿ.

"ಧಣಿ, ಸತ್ತಿದ್ದು ನಾನಾ, ನೀವಾ?" ಅಂದನಂತೆ.

ಅಲ್ಲೀವರೆಗೆ ತಡೆದುಕೊಂಡಿದ್ದ ಜನ ಒಟ್ಟಿಗೇ ನಕ್ಕರು. ವರಾಜನಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಇಬ್ಬರೂ ಅಲ್ಲ ಕಣಯ್ಯ. ನೀನು ಬಡಿದದ್ದರಿಂದ ನಾನೂ ಉಳಿದೆ. ತಪ್ಪು ನಂದು" ಅಂದ. ದೇನಕೆ ಓಡಿ ಬಂದು ಗಂಡನ ಮುಖ ಎರಡು ಕೈಯಲ್ಲೂ ಹಿಡಿದುಕೊಂಡಳು. 

"ಇನ್ನೇನು, ಸಾಲು ಸೇರಿಸಮ್ಮ" ಅಂದ ವರಾಜ.

ದೇನಕೆ ವೀಣೆ ಎತ್ತಿ, "ಹಗ್ಗ ಎಳೆದದ್ದು ಧಣಿಯ ಕೈ" ಅಂತ ಹಾಡಿ ನಿಲ್ಲಿಸಿದಳು.

"ಇಷ್ಟೇನಾ?"

"ಮಾಡಿದ್ದು ಇಷ್ಟೇ ಅಲ್ಲವೇ ಧಣಿ? ಬದುಕಿದೀರಲ್ಲ, ಇನ್ನಷ್ಟು ಮಾಡಿ."

ಆವತ್ತಿಂದ ವರಾಜ ಒಂದೊಂದೇ ಒಳ್ಳೆ ಕೆಲಸ ಹಿಡಿದನಂತೆ. ಕಾಲುವೆ ತೋಡಿಸಿದ, ದಾರಿಗೆ ಬಾವಿ ತೆಗೆಸಿದ, ಯುದ್ಧದಲ್ಲಿ ತೀರಕನ ಮಾತು ಕೇಳಿ ಮುಂದೆ ಹೋದ, ತೀರಕನ ಮಾತು ಕೇಳಿ ಹಿಂದೆ ಬಂದ. ತುಂಬು ವಯಸ್ಸಲ್ಲಿ ಅವನು ನಿಜವಾಗಿ ಸತ್ತಾಗ ದೇನಕೆ ಬೆಳಗ್ಗೆ ಶುರು ಮಾಡಿದ ಹಾಡು ಹೊತ್ತು ಮುಳುಗಿದರೂ ಮುಗಿದಿರಲಿಲ್ಲವಂತೆ. ಹಗೇವಿನ ಸಾಲನ್ನೂ ಅವಳು ಬಿಡಲಿಲ್ಲ, ಬಾವಿಯ ಸಾಲನ್ನೂ ಬಿಡಲಿಲ್ಲ.

ಅವರ ಹಾಡು ಅವರ ಸೀಮೆಯಲ್ಲಿ ಉಳೀತು, ನಮ್ಮ ಕತೆ ನಮ್ಮ ಜಗಲಿ ಮೇಲೆ ಮುಗೀತು. ಕೇಳಿದವರ ಮನೆ ತಣ್ಣಗಿರಲಿ, ಹೇಳಿದವರ ಗಂಟಲಿಗೆ ಒಂದು ಗುಟುಕು ನೀರು ಸಿಗಲಿ.