ಬೆಂಕಿ ಕುಡಿದ ಪೈಪು

"ಗುರುಗಳೇ, ಇಪ್ಪತ್ತು ವರ್ಷ ಊರವರ ಬೈಗುಳ ತಿಂದಿದ್ದೇನೆ. ಮುಖದ ಮೇಲೆ ಉಗಿದವರನ್ನೂ ನಗುತ್ತಲೇ ಕಳಿಸಿದ್ದೇನೆ. ನನ್ನ ಮನಸ್ಸು ಗಟ್ಟಿಯಾಯಿತೆಂದು ಈಗಲಾದರೂ ಹೇಳಬಹುದೇ?"

ಹೀಗೆ ಕೇಳಿದವನು ಶಂಭುಲಿಂಗ, ಮಠದ ಶಿಷ್ಯರಲ್ಲೇ ಹಿರಿಯ. ಗುರುಗಳು ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ಕೂತುಕೋ ಮಹರಾಯ. ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನೀನು ಕೇಳುವ ಪೈಕಿಯಲ್ಲ" ಎಂದು ಕತೆಗೆ ಇಳಿದರು.

ಒಂದು ಕಾರ್ಖಾನೆ. ಅಲ್ಲೊಬ್ಬ ಪೈಪಿನ ಮೇಸ್ತ್ರಿ. ಬಾಯ್ಲರಿನಿಂದ ಹಬೆ ಒಯ್ಯುವ ದಪ್ಪ ಉಕ್ಕಿನ ಪೈಪೊಂದನ್ನು ಅವನು ಹರೆಯದಲ್ಲಿ ಸ್ವಂತ ಕೈಯಿಂದ ಜೋಡಿಸಿದ್ದ. ಒಳಗಿನ ಹಬೆ ಸೋಕಿದರೆ ಮನುಷ್ಯನ ಚರ್ಮ ಉಳಿಯುವಂತಿರಲಿಲ್ಲ. ಆದರೂ ಇಪ್ಪತ್ತಾರು ವರ್ಷ ಅದು ಒಂದು ಸಲವೂ ಸೋರಲಿಲ್ಲ, ಬಾಗಲಿಲ್ಲ. ಕೆಲಸಗಾರರು ಅದಕ್ಕೆ ದೊಡ್ಡಪ್ಪ ಎಂದೇ ಹೆಸರಿಟ್ಟಿದ್ದರು. ಆಯುಧಪೂಜೆಯ ದಿನ ಮೊದಲ ಹಾರ ದೊಡ್ಡಪ್ಪನಿಗೆ, ಮಿಕ್ಕ ಯಂತ್ರಗಳಿಗೆಲ್ಲ ಆಮೇಲೆ.

ಬಾಯ್ಲರಿಗೆ ವಯಸ್ಸಾಯಿತು, ಬಿಚ್ಚಿದರು. ಆ ಜಾಗದಲ್ಲಿ ಗಾಳಿಯನ್ನು ತಣಿಸಿ ತಣಿಸಿ ನೀರಿನಂತೆ ಹರಿಯುವ ಹಾಗೆ ಮಾಡುವ ಹೊಸ ಘಟಕ ಬಂತು. ಆ ದ್ರವದ ಚಳಿಯನ್ನು ಏನೆಂದು ಹೇಳಲಿ! ಅದರ ಮುಂದೆ ಮಂಜುಗಡ್ಡೆಯೂ ಬಿಸಿ. ಅದನ್ನು ಹರಿಸಲೆಂದು ಹೊಳೆಯುವ ತೆಳು ಪೈಪುಗಳನ್ನು ತರಿಸಿದ್ದರು. ಮೇಸ್ತ್ರಿ ಒಂದನ್ನು ಎತ್ತಿದ, ಬೆರಳಿನಿಂದ ತಟ್ಟಿದ, ಮುಖ ಸಿಂಡರಿಸಿದ. "ಥೂ, ಇದು ಲೋಟ ತಟ್ಟೆ ಮಾಡುವ ಉಕ್ಕು ಕಣ್ರಯ್ಯ" ಎಂದ.

ಅವನಿಗೆ ಇನ್ನೊಂದು ಚಿಂತೆಯೂ ಇತ್ತು. ಆ ಪೈಪಿನ ಕೆಳಗೇ ನಿಂತು ವಾಲ್ವು ತಿರುಗಿಸಬೇಕಾದವನು ಅವನ ತಮ್ಮ ಮಲ್ಲೇಶಿ. ಅಪ್ಪ ಹೋದ ಮೇಲೆ ಎತ್ತಿ ಆಡಿಸಿ ಸಾಕಿದ ತಮ್ಮ. ಅವನ ನೆತ್ತಿಯ ಮೇಲೆ ಇಂಥ ತಗಡು ಓಡಬೇಕೇ? ಮೇಸ್ತ್ರಿಗೆ ಮನಸ್ಸು ಬರಲಿಲ್ಲ. ಮೂಲೆಗೆ ಸೇರಿದ್ದ ದೊಡ್ಡಪ್ಪನನ್ನು ತಂದು, ಅಳತೆಗೆ ಕತ್ತರಿಸಿ, ಕುಂಕುಮ ಹಚ್ಚಿ ಮೇಲೇರಿಸಿಬಿಟ್ಟ. ಮೇಸ್ತ್ರಿಯ ಕೈಕೆಲಸಕ್ಕೆ ಎದುರಾಡುವ ಗಂಡು ಆ ಕಾರ್ಖಾನೆಯಲ್ಲಿ ಇರಲಿಲ್ಲ.

ಹೆಣ್ಣುಮಗಳೊಬ್ಬಳಿದ್ದಳು. ಲೋಹ ಪರೀಕ್ಷೆ ಮಾಡುವುದು ಅವಳ ಕೆಲಸ. ದ್ರವ ಬಿಡಬೇಕಾದ ದಿನ ಬೆಳಿಗ್ಗೆ ಬಂದು ತಲೆಯೆತ್ತಿ ನೋಡಿ, "ಮೇಸ್ತ್ರಿಗಳೇ, ಇದನ್ನು ಇಳಿಸಿ" ಎಂದಳು.

"ಯಾಕಮ್ಮಾ? ನೀನು ತೊಟ್ಟಿಲಲ್ಲಿದ್ದಾಗಲೇ ಇದು ಬೆಂಕಿ ಕುಡಿಯುತ್ತಿತ್ತು. ಚಳಿ ಇದಕ್ಕೆ ಯಾವ ಲೆಕ್ಕ?"

ಅವಳು ವಾದಕ್ಕೆ ನಿಲ್ಲಲಿಲ್ಲ, ಜಾಣೆ. ದೊಡ್ಡಪ್ಪನನ್ನು ಕತ್ತರಿಸಿದಾಗ ಉಳಿದ ತುಂಡೊಂದನ್ನೂ ತೆಳು ಪೈಪಿನ ತುಂಡೊಂದನ್ನೂ ಆ ದ್ರವದ ಪಾತ್ರೆಗೆ ಇಳಿಸಿದಳು. ಅಷ್ಟು ತಣ್ಣಗಿನ ದ್ರವಕ್ಕೆ ತುಂಡುಗಳ ಬಿಸುಪೇ ಬೆಂಕಿಯಾಗಿ, ಅದು ಅನ್ನದ ಎಸರಿನಂತೆ ಕೊತಕೊತ ಕುದಿಯಿತು, ಬೆಳ್ಳಗೆ ಹೊಗೆಯಾಡಿತು, ಆಮೇಲೆ ಸುಮ್ಮನಾಯಿತು. ಮೊದಲು ದಪ್ಪ ತುಂಡನ್ನು ಇಕ್ಕಳದಲ್ಲಿ ಎತ್ತಿ ಕಲ್ಲಿನ ಮೇಲಿಟ್ಟು, "ಹೊಡೆಯಿರಿ" ಎಂದಳು.

ಮೇಸ್ತ್ರಿ ನಕ್ಕು ಸುತ್ತಿಗೆ ಎತ್ತಿದ. ಎಷ್ಟೆಂದರೂ ದೊಡ್ಡಪ್ಪ, ಜೋರಾಗಿ ಹೊಡೆಯಲು ಕೈ ಬರುತ್ತದೆಯೇ? ಒಂದೇ ಪೆಟ್ಟು, ಅದೂ ಹಗುರ. ಫಳ್ ಎಂದಿತು. ಇಪ್ಪತ್ತಾರು ವರ್ಷ ಬೆಂಕಿಗೆ ಬಗ್ಗದ ಉಕ್ಕು ಗಾಜಿನ ಬಳೆಯಂತೆ ಮೂರು ಹೋಳಾಗಿ ಬಿತ್ತು.

ಅವಳು ತೆಳು ತುಂಡನ್ನು ತಂದಿಟ್ಟಳು. ಈ ಸಲ ಮೇಸ್ತ್ರಿ ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದು, ಹಲ್ಲು ಕಚ್ಚಿ ಬಡಿದ. ಅದು ನೆಗ್ಗಿತು. ಮತ್ತೆ ಬಡಿದ. ಅಪ್ಪಚ್ಚಿಯಾಯಿತು, ಒಂದು ಬಿರುಕೂ ಬಿಡಲಿಲ್ಲ. ಅವನು ಮಂಡಿಯೂರಿ ಎರಡನ್ನೂ ನೋಡಿದ. ಜೀವಮಾನವೆಲ್ಲ ಉಕ್ಕಿನ ಜೊತೆ ಬಾಳಿದವನು, ಉಕ್ಕನ್ನು ಅಂದೇ ಮೊದಲ ಸಲ ಕಂಡವನ ಹಾಗೆ ನೋಡಿದ. "ಅಯ್ಯೋ ಶಿವನೇ, ಏನಪ್ಪಾ ನಿನ್ನ ಆಟ!" ಎಂದ.

ಆಮೇಲೆ ತಲೆಯೆತ್ತಿದ. ಮೇಲೆ ಕುಂಕುಮ ಹಚ್ಚಿಸಿಕೊಂಡ ದೊಡ್ಡಪ್ಪ. ಕೆಳಗೆ ವಾಲ್ವು ಒರೆಸುತ್ತ ನಿಂತ ಮಲ್ಲೇಶಿ. ಪೈಪಿನಲ್ಲಿ ಇನ್ನೂ ಏನೂ ಹರಿಯುತ್ತಿರಲಿಲ್ಲ. ಅದು ಮೇಸ್ತ್ರಿಗೂ ಗೊತ್ತಿತ್ತು. ಆದರೂ, "ಲೋ ಮಲ್ಲೇಶಿ, ಈಚೆ ಬಾರೋ!" ಎಂದು ಕಿರುಚಿಕೊಂಡು ಓಡಿ, ತಮ್ಮನ ರಟ್ಟೆ ಹಿಡಿದು ಎಳೆದ. ಹಾಗೇ ಅವನನ್ನು ತಬ್ಬಿಕೊಂಡು ಅತ್ತ.

ಸಂಜೆಯೊಳಗೆ ದೊಡ್ಡಪ್ಪನನ್ನು ತಾನೇ ಇಳಿಸಿದ. ಇಳಿಸಿ ಅವಳನ್ನು ಕೇಳಿದ: "ತಾಯೀ, ಹಾಗಾದರೆ ಇಷ್ಟು ವರ್ಷದ ಇದರ ಗಟ್ಟಿತನ ಸುಳ್ಳೇ?"

"ಸುಳ್ಳಲ್ಲ ಮೇಸ್ತ್ರಿಗಳೇ. ಬೆಂಕಿಯ ಕೆಲಸದಲ್ಲಿ ಇದಕ್ಕೆ ಈಗಲೂ ಕೈಮುಗಿಯಬೇಕು. ಚಳಿಯಲ್ಲಿ ಇದನ್ನು ಯಾರೂ ಕೇಳಿ ನೋಡಿರಲಿಲ್ಲ, ಅಷ್ಟೆ."

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಕಣ್ಣು ಅರಳಿತ್ತು. "ಅಬ್ಬಾ! ಉಕ್ಕಿಗೂ ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ" ಎಂದ. "ಆದರೆ ಗುರುಗಳೇ, ನಾನು ತಿನ್ನದ ಬೈಗುಳ ಇನ್ನು ಯಾವುದಿದೆ?" ಎಂದು ಕೇಳಿದ.

ಗುರುಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನನ್ನು ಬೈಯುವವರಿರಲಿ, ತಿರುಗಿ ನೋಡುವವರೂ ಇಲ್ಲದ ಊರಿನಲ್ಲಿ ಒಂದು ವರ್ಷ ಇದ್ದು ಬಾ."