ಗೊರವಂಕ ಮಾಡಿದ ಉಪಕಾರ

ಹಳೆಯ ಕೋಟೆಯ ಗೋಡೆಯಲ್ಲಿ ಒಂದು ಪಾರಿವಾಳ ಗೂಡು ಕಟ್ಟಿತ್ತು. ಮರಿಯ ಹಿಕ್ಕೆಯನ್ನು ಅದು ಎಂದೂ ತೆಗೆದು ಹಾಕಿದ್ದಿಲ್ಲ. ಮೊದಲು ಮರಿಗೆ ಕಾಯಿಲೆ ಬಂತು, ಆಮೇಲೆ ಅದು ಗೋಡೆಯ ಗೂಡುಗಳಿಗೆಲ್ಲ ಹಬ್ಬಿತು. ಹಕ್ಕಿಗಳು ಪಾರಿವಾಳವನ್ನು ಶಪಿಸಿ ದೂರವಾದವು. ಪಕ್ಕದ ಪೊಟರೆಯ ಗೊರವಂಕ ಮಾತ್ರ ಬಂದು, "ಅಕ್ಕಾ, ಸ್ವಲ್ಪ ಸರಿದು ಕೂತುಕೊ" ಎಂದು ಗಲೀಜನ್ನೆಲ್ಲ ಕೊಕ್ಕಿನಲ್ಲಿ ಕಚ್ಚಿ ದೂರ ಎಸೆದು ಬಂತು. ಅಂದಿನಿಂದ ಪಾರಿವಾಳವೂ ದಿನಾ ಗೂಡು ಚೊಕ್ಕಟ ಮಾಡಿತು. ಮರಿ ಚೇತರಿಸಿಕೊಂಡು ರೆಕ್ಕೆ ಬಡಿಯಿತು.

"ನಿನ್ನ ಋಣ ಹೇಗೆ ತೀರಿಸಲಿ, ತಂಗಿ?" ಎಂದು ಪಾರಿವಾಳ ಕೇಳಿತು.

"ಋಣವೆಂಥದ್ದು? ನಿನ್ನ ಗೂಡಿಗೆ ಬೀಸುವ ಗಾಳಿಯೇ ನನ್ನ ಮರಿಗಳಿಗೂ ಬೀಸುವುದು" ಎಂದಿತು ಗೊರವಂಕ.

ಪಾರಿವಾಳ ಅದಕ್ಕೆ ತಲೆಬಾಗಿತು. ಆಮೇಲೆ, ತನ್ನನ್ನು ಎಲ್ಲರಿಗಿಂತ ಹೆಚ್ಚು ಬೈದಿದ್ದ ಗುಬ್ಬಿಯ ಗೂಡಿಗೆ ಹಾರಿ, ಕೇಳದೆಯೇ ಅಲ್ಲಿನ ಕಸ ಹೆಕ್ಕತೊಡಗಿತು.